ಏನೂ ಮಾಡದ ಪೆಟ್ಟಿಗೆ

ಲೋಕದಲ್ಲಿ ಹೇಳುವವರಿಗೆ ಬರವಿಲ್ಲ, ಬರವೆಲ್ಲ ಕೇಳುವವರಿಗೇ. ಮದುವೆಯ ಮನೆಯಲ್ಲಿ ವಾಲಗದವರು ಊದುತ್ತಾರೆ, ಪುರೋಹಿತರು ಮಂತ್ರ ಹೇಳುತ್ತಾರೆ, ಚಪ್ಪರದ ಕೆಳಗೆ ಬೀಗರು ಬೇಳೆಯ ಬೆಲೆಯನ್ನು ಕುರಿತು ಭಾಷಣ ಮಾಡುತ್ತಾರೆ. ಇವರಲ್ಲಿ ಯಾರ ಮಾತನ್ನು ಯಾರು ಕೇಳಿದರೆಂದು ವಿಚಾರಿಸಿದರೆ ಉತ್ತರ ಹೇಳುವವರೂ ಸಿಕ್ಕಲಾರರು. ಕಿವಿಯುಳ್ಳವರೆಲ್ಲರೂ ಕೇಳುವವರಲ್ಲ ಎಂಬ ಈ ಸತ್ಯವನ್ನು ಬಾಗಲಗುಂಟೆಯ ರಾಯರು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕಂಡುಕೊಂಡರು. ಅದೂ ಯಾವ ವೇದಾಂತ ಗ್ರಂಥದಿಂದಲೂ ಅಲ್ಲ, ನಶ್ಯದ ಡಬ್ಬಿಗಿಂತ ತುಸು ದೊಡ್ಡದಾದ ಒಂದು ತಗಡಿನ ಪೆಟ್ಟಿಗೆಯಿಂದ.

ತುಮಕೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಹೆಸರಘಟ್ಟದ ಕಡೆಗೆ ತಿರುಗಿದರೆ ಬಾಗಲಗುಂಟೆ. ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಜಾಲಹಳ್ಳಿ. ರಾಗಿಯ ಹೊಲಗಳಿದ್ದ ಕಡೆ ಈಗ ಮೂರಂತಸ್ತಿನ ಮನೆಗಳು. ೨೦೦೭ರಲ್ಲಿ ದಾಸರಹಳ್ಳಿಯ ನಗರಸಭೆ ಬೃಹತ್ ಬೆಂಗಳೂರಿನೊಳಗೆ ಕರಗಿತು. ೨೦೧೫ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಬಂದಿತು. ಆದರೂ ಈ ಬಡಾವಣೆಯ ಬೆಳಗುಗಳಲ್ಲಿ ಹಾಲಿನವನ ಗಂಟೆಯೂ ಪಕ್ಕದ ಶೆಡ್ಡಿನ ಲೇತ್ ಯಂತ್ರದ ಸದ್ದೂ ಒಟ್ಟಿಗೆ ಕೇಳಿಸುತ್ತವೆ.

ಎಲೆಕ್ಟ್ರಾನಿಕ್ಸ್ ಎಂಬ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜಾಲಹಳ್ಳಿಯಲ್ಲಿ ಸ್ಥಾಪಿತವಾದುದು ೧೯೫೪ರಲ್ಲಿ. ಅಲ್ಲಿ ೧೯೬೧ರಲ್ಲಿ ರೇಡಿಯೋ ವಾಲ್ವುಗಳೂ ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳೂ ತಯಾರಾದುವು. ಸುತ್ತಲಿನ ಹಳ್ಳಿಗಳ ಹುಡುಗರು ನೇಗಿಲನ್ನು ಬಿಟ್ಟು ಬೆಸುಗೆಯ ಕಡ್ಡಿಯನ್ನು ಹಿಡಿದರು. ರಾಯರು ಆ ದೊಡ್ಡ ಕಾರ್ಖಾನೆಯವರಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಪನ ಯಂತ್ರಗಳನ್ನು ದುರಸ್ತಿ ಮಾಡಿ ನಿವೃತ್ತರಾದವರು. ನಿವೃತ್ತಿಯ ನಂತರ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಒಂದು ಮೇಜು, ಒಂದು ಹಳೆಯ ಆಸಿಲೋಸ್ಕೋಪು, ನೂರಾರು ಬಿಡಿಭಾಗಗಳಿದ್ದ ಹಾರ್ಲಿಕ್ಸ್ ಸೀಸೆಗಳು: ಇದೇ ಅವರ ವಾನಪ್ರಸ್ಥ.

ಕೆಳಗಿನ ನಡುಮನೆಯಲ್ಲಿ ಅವರ ಮಡದಿಯ ವೀಣೆ. ಆಕೆ ಮೈಸೂರಿನ ಹೆಣ್ಣು. ಮದುವೆಯಾಗಿ ಬಂದಾಗ ತಂದೆ ಉಡುಗೊರೆಯಾಗಿ ಕೊಟ್ಟ ವೀಣೆಯನ್ನು ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದವರು. ಹೊಸತರಲ್ಲಿ ಮುಸ್ಸಂಜೆಗೆ ದೀಪ ಹಚ್ಚಿ ವೀಣೆಯ ಮುಂದೆ ಕುಳಿತರೆ, ಪಾಳಿ ಮುಗಿಸಿ ಬಂದ ರಾಯರು, “ಇವಳೇ, ಯಂತ್ರದ ಸದ್ದು ಕೇಳಿ ಕೇಳಿ ತಲೆ ಸಿಡಿಯುತ್ತಿದೆ. ಅದನ್ನು ನಾಳೆ ನುಡಿಸಬಾರದೆ?” ಎನ್ನುತ್ತಿದ್ದರು. ನಾಳೆಯೂ ಪಾಳಿಯಿತ್ತು. ಆಕೆ ಮೆಲ್ಲಮೆಲ್ಲನೆ ತಮ್ಮ ಅಭ್ಯಾಸವನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡರು. ಬೀದಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿ ‘ವೀಣೆ ಅಮ್ಮ’ ಎನಿಸಿಕೊಂಡರು. ರಾಯರು ಕೆಟ್ಟವರಲ್ಲ. ಆದರೆ ಹೆಂಡತಿ ಒಂದು ಕಷ್ಟವನ್ನು ಹೇಳಿಕೊಳ್ಳಲು ಬಾಯಿ ತೆರೆದರೆ, ಅದು ಅರ್ಧವಾಗುವ ಮೊದಲೇ ಪರಿಹಾರವನ್ನು ಹೇಳಿ ಮುಗಿಸುವ ಸ್ವಭಾವ. ಯಂತ್ರದ ದುರಸ್ತಿಯಲ್ಲಿ ಅದು ಗುಣ. ಸಂಸಾರದಲ್ಲಿ ಅದು ಏನೆಂಬುದನ್ನು ಅವರು ಎಂದೂ ಅಳೆದು ನೋಡಿರಲಿಲ್ಲ.

ಒಂದು ನವರಾತ್ರಿಯಲ್ಲಿ ಬೀದಿಯವರು ಪೆಂಡಾಲು ಹಾಕಿ ವೀಣೆ ಅಮ್ಮನ ಕಛೇರಿಯನ್ನು ಇಟ್ಟರು. ಮೈಕ್ ಸೆಟ್ಟಿನ ಹುಡುಗ, ವೀಣೆಯ ಮುಂದೆ ಮೈಕ್ ಇಟ್ಟರೆ ಕೂಗುತ್ತದೆ ಎಂದು, ಬೆಳ್ಳಿಯ ರೂಪಾಯಿಯಂಥ ಒಂದು ಬಿಲ್ಲೆಯನ್ನು ಕುದುರೆಯ ಪಕ್ಕದಲ್ಲಿ ಮೇಣದಿಂದ ಅಂಟಿಸಿ, ಅದರ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಆಕೆ ತಂತಿಯನ್ನು ಮೀಟಿದರು. ಪೆಂಡಾಲಿನಲ್ಲಿ ಕೇಳಿಸಿದುದು ವೀಣೆಯಲ್ಲ. ತಗಡಿನ ಮೇಲೆ ಬಿದ್ದ ಆಲಿಕಲ್ಲು. ಮಂದ್ರವಿಲ್ಲ, ಅನುಮಂದ್ರವಂತೂ ಹೇಳಹೆಸರಿಲ್ಲ. ಮೇಲಿನ ಕಿರುಗುಟ್ಟುವ ಅಂಚು ಮಾತ್ರ ಉಳಿದಿತ್ತು. ಜನ ಒಬ್ಬೊಬ್ಬರಾಗಿ ಪ್ರಸಾದದ ಕಡೆಗೆ ಸರಿದರು. ಎರಡನೆಯ ಕೃತಿಯ ನಡುವೆಯೇ ಆಕೆ ಮಂಗಳ ನುಡಿಸಿ ಎದ್ದುಬಿಟ್ಟರು. ಮನೆಗೆ ಬಂದು ವೀಣೆಗೆ ಹಳೆಯ ರೇಷ್ಮೆಯ ಸೀರೆಯನ್ನು ಹೊದಿಸಿ, “ಅದು ನನ್ನ ವೀಣೆಯ ದನಿಯಲ್ಲ” ಎಂದಷ್ಟೇ ನುಡಿದರು. ಆ ಹೊದಿಕೆ ಸಂಕ್ರಾಂತಿ ಕಳೆದರೂ ಸರಿಯಲಿಲ್ಲ. ಪಾಠಕ್ಕೆ ಬಂದ ಮಕ್ಕಳಿಗೆ ಬಾಯಿಯಲ್ಲೇ ಸ್ವರ ಹೇಳಿಕೊಟ್ಟು ಕಳುಹಿಸುತ್ತಿದ್ದರು.

ಮನೆಯಲ್ಲಿ ಒಂದು ಸದ್ದು ನಿಂತಾಗಲೇ ಅದು ಇದ್ದುದು ತಿಳಿಯುವುದು. ಮಧ್ಯಾಹ್ನದ ಹೊತ್ತು ಮಹಡಿಯ ಮೇಲೆ ಕುಳಿತ ರಾಯರಿಗೆ ಕೆಲಸವೇ ಸಾಗದಾಯಿತು. ನಿವೃತ್ತಿಯಾದ ಇಷ್ಟು ವರ್ಷವೂ ಬೆಸುಗೆಯ ಹೊಗೆಯ ನಡುವೆ ತಾವು ಕೆಳಗಿನಿಂದ ಏರಿ ಬರುತ್ತಿದ್ದ ವೀಣೆಯನ್ನು ಅರಿಯದೆಯೇ ಉಸಿರಾಡುತ್ತಿದ್ದೆವೆಂಬುದು ಆಗ ಅವರಿಗೆ ಹೊಳೆಯಿತು.

ಮೊದಲು ಅವರು ಸ್ಪೀಕರನ್ನು ಶಂಕಿಸಿದರು, ಆಮೇಲೆ ಬಿಲ್ಲೆಯನ್ನು. ಎರಡೂ ನಿರ್ದೋಷಿಗಳು. ತಪ್ಪಿದ್ದುದು ಎರಡರ ನಡುವಿನ ಸಂಬಂಧದಲ್ಲಿ. ಆ ಬಿಲ್ಲೆಗೆ ಪೀಜೋ ಎಂದು ಹೆಸರು. ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ಪಿಂಗಾಣಿಯ ಜಾತಿ. ಆದರೆ ಅದು ಹುಟ್ಟಿಸುವುದು ಹನಿಯಷ್ಟು. ಬಡವನ ಮನೆಯ ಉಪಚಾರದಂತೆ, ನೀಡುವ ಮನಸ್ಸು ದೊಡ್ಡದು, ಪಾತ್ರೆ ಚಿಕ್ಕದು. ಆಂಪ್ಲಿಫೈಯರಿನ ಒಳಬಾಗಿಲು ಅದರಿಂದ ಹೆಚ್ಚು ಹೆಚ್ಚು ವಿದ್ಯುತ್ತನ್ನು ಎಳೆದರೆ ಬಿಲ್ಲೆ ಬತ್ತಿ ಹೋಗುತ್ತದೆ. ನಿಧಾನವಾಗಿ ಕಂಪಿಸುವ ತಗ್ಗಿನ ಸ್ವರಗಳು ಮೊದಲು ಸಾಯುತ್ತವೆ. ಹಾಗೆ ಎಳೆಯದಂತೆ ತಡೆದು ನಿಲ್ಲುವ ಒಳಬಾಗಿಲಿನ ಗುಣಕ್ಕೆ ಬಲ್ಲವರು ಇನ್‌ಪುಟ್ ಇಂಪೀಡೆನ್ಸ್ ಎನ್ನುತ್ತಾರೆ.

ರಾಯರು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಬಿಲ್ಲೆಯ ಧಾರಣಶಕ್ತಿ ಸುಮಾರು ೨೦ ನ್ಯಾನೋಫ್ಯಾರಡ್; ಆಂಪ್ಲಿಫೈಯರಿನ ಒಳಬಾಗಿಲಿನ ತಡೆ ಸುಮಾರು ೧೦,೦೦೦ ಓಮ್. ಗುಣಿಸಿ ಭಾಗಿಸಿದರೆ ಬರುವ ಗಡಿ ಸೆಕೆಂಡಿಗೆ ೮೦೦ ಕಂಪನ. ಅದಕ್ಕಿಂತ ಕೆಳಗಿನ ಸ್ವರಗಳೆಲ್ಲ ಇಳಿದಷ್ಟೂ ಕ್ಷೀಣ. ಅನುಮಂದ್ರದ ತಂತಿ ಮಿಡಿಯುವುದು ಸೆಕೆಂಡಿಗೆ ೬೦ರ ಆಸುಪಾಸಿನಲ್ಲಿ. ಅದರ ಮೂಲಸ್ವರದಲ್ಲಿ ಹದಿಮೂರರಲ್ಲಿ ಒಂದು ಪಾಲು ಮಾತ್ರ ಪೆಂಡಾಲನ್ನು ಮುಟ್ಟಿತ್ತು! ಆಕೆ ಹೇಳಿದ ಮಾತು ಅಕ್ಷರಶಃ ನಿಜ. ಅದು ಆಕೆಯ ವೀಣೆಯ ದನಿಯಾಗಿರಲಿಲ್ಲ.

ಈ ಬಗೆಯ ಸಂಕಟ ಲೋಕಕ್ಕೆ ಹೊಸದಲ್ಲ. ೧೯೩೪ರ ಸುಮಾರಿನಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್ ಎಂಬ ರಸಾಯನಶಾಸ್ತ್ರಜ್ಞ ನಿಂಬೆಯ ರಸದ ಹುಳಿಯನ್ನು ಅಳೆಯಬೇಕಾಯಿತು. ಅದಕ್ಕೆ ಬೇಕಾದ ಗಾಜಿನ ಕಡ್ಡಿ ಕೊಡುವ ವಿದ್ಯುತ್ತು ಎಷ್ಟು ಸೂಕ್ಷ್ಮವೆಂದರೆ ಸಾಮಾನ್ಯ ಮೀಟರನ್ನು ಹಚ್ಚಿದರೆ ಅದು ಉಡುಗಿಯೇ ಹೋಗುತ್ತಿತ್ತು. ಆತ ನಡುವೆ ವಾಲ್ವುಗಳನ್ನಿಟ್ಟು ಸಮಸ್ಯೆಯನ್ನು ಬಿಡಿಸಿದ. ಅದೇ ಇಂದಿನ ಪಿ.ಎಚ್. ಮೀಟರು. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಗಳಿಂದ ಬಂದ ಅಂಥ ಮೀಟರುಗಳನ್ನು ರಾಯರು ಎಷ್ಟೋ ಬಿಚ್ಚಿ ಜೋಡಿಸಿದ್ದರು. ಒಳಗಿನ ಮಂಡಲ ಅವರಿಗೆ ಅಂಗೈ ನೆಲ್ಲಿ. ಆದರೆ ಅದೇ ಮದ್ದು ತಮ್ಮ ನಡುಮನೆಯ ರೋಗಕ್ಕೂ ಆಗುತ್ತದೆಂದು ತೋರಲು ಇಷ್ಟು ಕಾಲ ಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಆ ಮದ್ದಿನ ಹೆಸರು ಬಫರ್. ಅದು ವಿಚಿತ್ರವಾದ ಮಂಡಲ. ಬಂದುದನ್ನು ದೊಡ್ಡದು ಮಾಡುವುದಿಲ್ಲ, ಚಿಕ್ಕದೂ ಮಾಡುವುದಿಲ್ಲ. ಒಂದು ವೋಲ್ಟ್ ಬಂದರೆ ಹೆಚ್ಚುಕಡಮೆ ಒಂದು ವೋಲ್ಟನ್ನೇ ಮುಂದಕ್ಕೆ ದಾಟಿಸುತ್ತದೆ. ಅದರಿಂದ ಎರಡೇ ಎರಡು ನಿರೀಕ್ಷೆ. ಮೊದಲನೆಯದು, ಹೇಳುವವನ ಮೇಲೆ ಭಾರ ಹಾಕದೆ ಕೇಳಬೇಕು. ಎರಡನೆಯದು, ಕೇಳಿದುದಕ್ಕೆ ತನ್ನದೇನನ್ನೂ ಸೇರಿಸದೆ, ಏನನ್ನೂ ಬಿಡದೆ, ಹಾಗೆಯೇ ನುಡಿಯಬೇಕು. ಎರಡನೆಯ ಗುಣವೇ ರೇಖೀಯತೆ: ಎರಡರಷ್ಟು ಬಂದರೆ ಎರಡರಷ್ಟು, ಹತ್ತರಷ್ಟು ಬಂದರೆ ಹತ್ತರಷ್ಟು. ಹೊರಹೊಮ್ಮಿದುದನ್ನು ಒಳಬಂದುದರೊಡನೆ ಹೋಲಿಸಿ ತಪ್ಪನ್ನು ತಿದ್ದಿಕೊಳ್ಳುವ ಉಪಾಯ ಹೆರಾಲ್ಡ್ ಬ್ಲಾಕ್ ಎಂಬ ಎಂಜಿನಿಯರಿಗೆ ೧೯೨೭ರ ಆಗಸ್ಟ್ ೨ರಂದು ಹಡ್ಸನ್ ನದಿಯ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಹೊಳೆಯಿತು. ಬೇರೆ ಕಾಗದ ಸಿಕ್ಕದೆ ಆತ ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಅದನ್ನು ಗೀಚಿಟ್ಟುಕೊಂಡ. ಬಫರಿನ ಪ್ರಾಮಾಣಿಕತೆಗೆ ಈ ಆತ್ಮಪರೀಕ್ಷೆಯೇ ಆಧಾರ.

ರಾಯರು ಸಾದರ ಪತ್ರಪ್ಪ ರಸ್ತೆಗೆ ಹೋದರು. ಎಸ್.ಪಿ. ರೋಡ್ ಎಂದು ಬೆಂಗಳೂರಿಗೆಲ್ಲ ಪರಿಚಿತವಾದ ಆ ಓಣಿಯಲ್ಲಿ ಸಿಕ್ಕದ ಬಿಡಿಭಾಗವಿಲ್ಲ. ಹಳೆಯ ದಾಸ್ತಾನಿನಿಂದ ಬಿ.ಎಫ್.ಡಬ್ಲ್ಯೂ. ೧೦ ಎಂಬ ನಾಲ್ಕು ಕಾಲಿನ ಫೆಟ್ ಟ್ರಾನ್ಸಿಸ್ಟರುಗಳನ್ನು ಒಂದು ಡಜನ್ ಕೊಂಡರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಪಾಠ ಕಲಿತದ್ದು ಇದರ ಮೇಲೆಯೇ. ಈ ಫೆಟ್ಟಿನ ದ್ವಾರ ವಿದ್ಯುತ್ತನ್ನು ಕುಡಿಯುವುದಿಲ್ಲ, ವಾಸನೆಯನ್ನಷ್ಟೇ ನೋಡುತ್ತದೆ.

ಅನುಭವಸ್ಥರ ಹೆಮ್ಮೆ ಸಣ್ಣದಲ್ಲ. ರಾಯರು ಮೊದಲ ಮಂಡಲವನ್ನು ಪಾಂಡಿತ್ಯದ ಪ್ರದರ್ಶನವಾಗಿಯೇ ಕಟ್ಟಿದರು. ದ್ವಾರಕ್ಕೆ ಕಟ್ಟಿದ ೧ ಮೆಗಾಓಮಿನ ರೋಧಕದ ಬುಡಕ್ಕೆ ಹೊರಬಾಗಿಲ ದನಿಯನ್ನೇ ತಂದು ಕೊಟ್ಟರು. ಬೂಟ್‌ಸ್ಟ್ರ್ಯಾಪ್ ಎಂಬ ತಂತ್ರ ಅದು. ರೋಧಕದ ಎರಡು ತುದಿಗಳೂ ಜೋಡೆತ್ತಿನಂತೆ ಒಂದೇ ಹೆಜ್ಜೆ ಹಾಕಿದರೆ ನಡುವಿನ ಹಗ್ಗ ಬಿಗಿಯುವುದಿಲ್ಲ. ಅಂದರೆ ವಿದ್ಯುತ್ತು ಹರಿಯುವುದಿಲ್ಲ. ಬುಡದ ತುದಿ ನೂರಕ್ಕೆ ತೊಂಬತ್ತೈದರಷ್ಟು ಹಿಂಬಾಲಿಸಿದರೂ ೧ ಮೆಗಾಓಮ್ ೨೦ ಮೆಗಾಓಮಿನಂತೆ ವರ್ತಿಸುತ್ತದೆ. ಆಸಿಲೋಸ್ಕೋಪಿನ ಮೇಲೆ ಅಲೆ ನುಣ್ಣಗೆ ಹರಿಯಿತು. ರಾಯರು ವಿಜಯೋತ್ಸಾಹದಿಂದ ಕೆಳಗಿಳಿದು, “ಬಾ, ಒಂದು ಸಲ ಮೀಟು” ಎಂದರು. ಆಕೆ ಒಲ್ಲೆನೆಂದರು. ಮೂರು ದಿನ ಕೇಳಿಕೊಂಡ ಮೇಲೆ ಸೀರೆಯ ಹೊದಿಕೆ ಸರಿಯಿತು.

ಮಂದ್ರ ಬಂದಿತ್ತು. ಅನುಮಂದ್ರವೂ ಬಂದಿತ್ತು. ರಾಯರು ಮೀಸೆಯಲ್ಲಿ ನಗುತ್ತಿದ್ದಾಗ ಆಕೆ ಕೈ ನಿಲ್ಲಿಸಿ ಕೇಳಿದರು:

“ನನ್ನ ಬಳೆ ತಗುಲಿದರೆ ಗುಡುಗಿದ ಹಾಗೆ ಏಕೆ ಕೇಳಿಸುತ್ತೆ? ಬೀದೀಲಿ ಲಾರಿ ಹೋದರೂ ಪೆಟ್ಟಿಗೆ ನಡುಗುತ್ತಲ್ಲ?”

ರಾಯರು ವಾದಿಸಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಮಹಡಿ ಹತ್ತಿ ಲೆಕ್ಕ ಹಾಕಿದಾಗ ಗೊತ್ತಾಯಿತು. ಒಳಬಾಗಿಲಿನ ತಡೆ ೨೦ ಮೆಗಾಓಮಿಗೆ ಏರಿದಾಗ ಸ್ವರದ ಗಡಿ ಸೆಕೆಂಡಿಗೆ ಅರ್ಧ ಕಂಪನಕ್ಕಿಂತಲೂ ಕೆಳಗಿಳಿದಿತ್ತು. ವೀಣೆ ನುಡಿಯದ ಆ ಪಾತಾಳದಿಂದ ನೆಲದ ನಡುಕವೆಲ್ಲ ಒಳನುಗ್ಗುತ್ತಿತ್ತು. ಬೇಕಾದುದು ಮೂಲಕ್ಕಿಂತ ಸಾಕಷ್ಟು ದೊಡ್ಡ ತಡೆಯೇ ಹೊರತು ಎಲ್ಲೆಯಿಲ್ಲದ ತಡೆಯಲ್ಲ. ತಂತ್ರವನ್ನು ಕಿತ್ತು ಹಾಕಿ ಬರಿಯ ೧ ಮೆಗಾಓಮನ್ನು ಉಳಿಸಿದರು. ಗಡಿ ೮ ಕಂಪನಕ್ಕೆ ನಿಂತಿತು. ಅನುಮಂದ್ರಕ್ಕೆ ಧಾರಾಳ, ಲಾರಿಯ ನಡುಕಕ್ಕೆ ಕಡಿವಾಣ.

ಎರಡನೆಯ ಬಾರಿ ಆಕೆ ಹೆಚ್ಚು ಹೊತ್ತು ನುಡಿಸಿದರು. ಕೊನೆಯಲ್ಲಿ ತಲೆ ಅಲ್ಲಾಡಿಸಿದರು.

“ಮೆಲ್ಲಗೆ ಮೀಟಿದರೆ ನನ್ನದೇ. ತಾನಕ್ಕೆ ಬಂದು ಗಟ್ಟಿಯಾಗಿ ಮೀಟಿದರೆ ಏನೋ ಒರಟು ಸೇರಿಕೊಳ್ಳುತ್ತೆ.”

“ಸಾಧ್ಯವೇ ಇಲ್ಲ. ಮೀಟರಿನಲ್ಲಿ ನೋಡಿದ್ದೇನೆ. ಸೊನ್ನೆ ದೋಷ.”

“ನಿಮ್ಮ ಮೀಟರು ವೀಣೆ ಕಲಿತಿದೆಯೇನ್ರೀ?”

ಮೊದಲಾಗಿದ್ದರೆ ರಾಯರು ಅಲ್ಲಿಗೆ ಮಾತನ್ನು ಮುಗಿಸಿ ಎದ್ದುಹೋಗುತ್ತಿದ್ದರು. ಅಂದು ಅವರು ಆಸಿಲೋಸ್ಕೋಪನ್ನೇ ಹೊತ್ತು ತಂದು ನಡುಮನೆಯಲ್ಲಿಟ್ಟರು. “ಇನ್ನೊಮ್ಮೆ ಗಟ್ಟಿಯಾಗಿ ಮೀಟು” ಎಂದು ನೆಲದ ಮೇಲೆ ಕುಳಿತರು. ಆಕೆ ಮೀಟಿದರು. ಹಸಿರು ಗೆರೆಯ ಅಲೆ ಎದ್ದಿತು. ಅದರ ನೆತ್ತಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿತ್ತು.

ಅಪರಾಧ ಸ್ಪಷ್ಟವಾಗಿತ್ತು. ರಾಯರು ಪರೀಕ್ಷಿಸಿದ್ದು ವೋಲ್ಟಿನ ಹತ್ತನೆಯ ಒಂದು ಪಾಲಿನ ಮೆದುವಾದ ಅಲೆಯಿಂದ. ಗಟ್ಟಿಯಾದ ಮೀಟಿಗೆ ಬಿಲ್ಲೆ ವೋಲ್ಟುಗಟ್ಟಲೆ ಕೊಡುತ್ತದೆ. ೯ ವೋಲ್ಟಿನ ಒಂದು ಬ್ಯಾಟರಿ. ದ್ವಾರವನ್ನು ಅದರ ನಡುಮಧ್ಯಕ್ಕೆ ಕಟ್ಟಿದ್ದರು. ಆದರೆ ಈ ಜಾತಿಯ ಫೆಟ್ಟಿನಲ್ಲಿ ಹೊರಬಾಗಿಲು ಒಳಬಾಗಿಲಿಗಿಂತ ಎರಡು ಮೂರು ವೋಲ್ಟು ಎತ್ತರದಲ್ಲಿ ನಿಲ್ಲುತ್ತದೆ. ಸೂರಿಗೆ ತಲೆ ತಾಗುವಂತೆ ನಿಂತವನಿಗೆ ಜಿಗಿಯಲು ಎಡೆಯೆಲ್ಲಿ? ಸಣ್ಣ ದನಿಗೆ ಸತ್ಯವಾಗಿದ್ದು ದೊಡ್ಡ ದನಿಗೆ ಸುಳ್ಳಾಗುವುದು ರೇಖೀಯತೆಯಲ್ಲ. ಮನುಷ್ಯರಲ್ಲಿಯೂ ಅಷ್ಟೆ; ಮೆಲ್ಲಗೆ ಹೇಳಿದುದನ್ನು ಸಹನೆಯಿಂದ ಕೇಳುವವರು ಉಂಟು. ಹೇಳುವವರ ಕಂಠ ಉಕ್ಕಿ ಬಂದಾಗಲೂ ತಲೆ ಕತ್ತರಿಸದೆ ಕೇಳುವವರು ವಿರಳ.

“ನೀನು ಹೇಳಿದ್ದೇ ಸರಿ” ಎಂದರು ರಾಯರು.

ನಲವತ್ತೈದು ವರ್ಷದ ದಾಂಪತ್ಯದಲ್ಲಿ ಆಕೆ ಈ ವಾಕ್ಯವನ್ನು ಕೇಳಿದ್ದು ಅಪರೂಪ. ಏನೂ ಹೇಳದೆ ಕಾಫಿ ಬೆರೆಸಲು ಒಳಗೆ ಹೋದರು.

ಮೂರನೆಯ ಮಂಡಲದಲ್ಲಿ ಎರಡು ಬ್ಯಾಟರಿಗಳು, ಮೇಲೆ ೯ ಕೆಳಗೆ ೯ ವೋಲ್ಟು. ದ್ವಾರ ನಡುವಿನ ಸೊನ್ನೆಯಲ್ಲಿ. ಫೆಟ್ಟಿನ ಕೆಳಗೆ ಇದ್ದ ಬರಿಯ ರೋಧಕವನ್ನು ತೆಗೆದು ಅಲ್ಲಿ ಇನ್ನೊಂದು ಫೆಟ್ಟನ್ನೇ ನಿಲ್ಲಿಸಿದರು. ಬರಿಯ ರೋಧಕವಾದರೆ ದನಿ ಏರಿಳಿದಂತೆ ಫೆಟ್ಟಿನಲ್ಲಿ ಹರಿಯುವ ವಿದ್ಯುತ್ತೂ ಏರಿಳಿಯುತ್ತದೆ. ಅದರ ಮನೋಧರ್ಮವೂ ಬದಲಾಗುತ್ತ ನುಡಿ ಓರೆಯಾಗುತ್ತದೆ. ಕೆಳಗಿನ ಫೆಟ್ಟು ಹರಿವನ್ನು ಒಂದೇ ಸಮಕ್ಕೆ ಹಿಡಿದರೆ ಮೇಲಿನದು ನಿಶ್ಚಿಂತೆಯಿಂದ ಬಂದುದನ್ನು ಬಂದಂತೆ ಹೇಳುತ್ತದೆ. ಆದರೆ ಇವೆರಡೂ ಒಂದೇ ಸ್ವಭಾವದವಾಗಿರಬೇಕು. ಒಂದೇ ಹೆಸರಿನ ಹನ್ನೆರಡು ಫೆಟ್ಟುಗಳನ್ನು ಅಳೆದು ನೋಡಿದರೆ ಒಂದರ ಹರಿವು ೮ ಮಿಲಿಆಂಪಿಯರಿನ ಸಮೀಪ, ಇನ್ನೊಂದರದು ಹೆಚ್ಚುಕಡಮೆ ಅದರ ಇಮ್ಮಡಿ. ಒಂದೇ ತಾಯಿಯ ಮಕ್ಕಳೂ ಹೀಗೆಯೇ. ಎರಡು ದಿನ ಅಳೆದು ಒಂದು ಜೋಡಿಯನ್ನು ಆರಿಸಿದರು. ಕೂಡಿಸಿಟ್ಟ ಎಲ್ಲವನ್ನೂ ತಗಡಿನ ಪೆಟ್ಟಿಗೆಯೊಳಗಿಟ್ಟು, ಬಿಲ್ಲೆಯಿಂದ ಪೆಟ್ಟಿಗೆಗೆ ಗೇಣುದ್ದಕ್ಕಿಂತ ಹೆಚ್ಚು ತಂತಿಯಿರದಂತೆ ನೋಡಿಕೊಂಡರು. ಸೂಕ್ಷ್ಮವಾಗಿ ಕೇಳುವ ಕಿವಿಗೆ ಮನೆಯ ಕರೆಂಟಿನ ೫೦ ಕಂಪನದ ಗೊಣಗಾಟವೂ ಬೇಗ ತಗಲುತ್ತದೆ. ತಗಡು ಅದಕ್ಕೆ ಮರೆ.

ವೀಣೆಯ ದನಿಯನ್ನು ಹೀಗೆ ಕೆಡದಂತೆ ದಾಟಿಸುವ ಹಟಕ್ಕೆ ಕಾರಣವಿಲ್ಲದೆ ಇಲ್ಲ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿಯೇ ನಮ್ಮ ತಂತಿವಾದ್ಯಗಳನ್ನು ಕುರಿತು ಒಂದು ಲೇಖನ ಬರೆದಿದ್ದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಕೆಲವು ಮೇಲ್ಸ್ವರಗಳು ಇರಕೂಡದೆಂಬುದು ಪಶ್ಚಿಮದ ಶಾಸ್ತ್ರದ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಆ ಸ್ವರಗಳು ನಿಸ್ಸಂಕೋಚವಾಗಿ ಕೇಳಿಸುತ್ತವೆ! ಕುದುರೆಯ ಬಾಗಿದ ಮೈ ಮೇಲೆ ತಂತಿ ಸವರಿ ಸವರಿ ಮಲಗುವುದೇ ಅದಕ್ಕೆ ಕಾರಣವೆಂದು ರಾಮನ್ ತೋರಿಸಿದರು. ಅಂಥ ದನಿಗೆ ಯಂತ್ರ ತನ್ನದೊಂದು ಮೇಲ್ಸ್ವರವನ್ನು ಬೆರೆಸಿದರೆ ಅದು ಹಾಲಿಗೆ ನೀರಲ್ಲ, ಹುಳಿ ಬೆರೆಸಿದಂತೆ.

ಮರುವರ್ಷದ ನವರಾತ್ರಿಯಲ್ಲಿ ಅದೇ ಬೀದಿ, ಅದೇ ಪೆಂಡಾಲು, ಅದೇ ಹುಡುಗನ ಮೈಕ್ ಸೆಟ್ಟು. ವೀಣೆಯ ಕೊಡದ ಮರೆಯಲ್ಲಿ ತಗಡಿನ ಪೆಟ್ಟಿಗೆ ಮಾತ್ರ ಹೊಸದು. ಆಕೆ ತಾನ ನುಡಿಸುವಾಗ ಹೆಸರಘಟ್ಟದ ಬಸ್ಸಿಗೆ ಕಾದಿದ್ದವರೂ ಬಂದು ನಿಂತರು. ಪ್ರಸಾದದ ಕಡೆಗೆ ಯಾರೂ ಸರಿಯಲಿಲ್ಲ. ವೀಣೆ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಪೆಟ್ಟಿಗೆ ಚೆನ್ನಾಗಿತ್ತೆಂದು ಯಾರೂ ಹೇಳಲಿಲ್ಲ. ರಾಯರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಮೊಮ್ಮಗ ಒಬ್ಬನೇ ಅದನ್ನು ಪತ್ತೆಹಚ್ಚಿ ಕೇಳಿದ:

“ತಾತ, ಇದು ಸೌಂಡ್ ಜೋರು ಮಾಡುತ್ತಾ?”

“ಇಲ್ಲ ಮರಿ.”

“ಹಾಡು ರೆಕಾರ್ಡ್ ಮಾಡುತ್ತಾ?”

“ಅದೂ ಇಲ್ಲ.”

“ಮತ್ತೆ ಏನು ಮಾಡುತ್ತೆ?”

“ಏನೂ ಮಾಡೋದಿಲ್ಲ. ಕೇಳಿಸಿಕೊಳ್ಳುತ್ತೆ, ಅಷ್ಟೆ.”

ಹುಡುಗನಿಗೆ ನಿರಾಶೆಯಾಯಿತು. ಏನೂ ಮಾಡದ ಪೆಟ್ಟಿಗೆಯನ್ನು ಮಾಡಲು ತಾತನಿಗೆ ಅಷ್ಟು ತಿಂಗಳು ಏಕೆ ಬೇಕಾಯಿತೆಂಬುದು ಅವನಿಗೆ ಅರ್ಥವಾಗುವ ವಯಸ್ಸಲ್ಲ. ನಮ್ಮ ಆಲಂಕಾರಿಕರು ಕಾವ್ಯವನ್ನು ಬರೆಯುವ ಕವಿಯಷ್ಟೇ ಗೌರವವನ್ನು ಅದನ್ನು ಗ್ರಹಿಸುವವನಿಗೂ ಕೊಟ್ಟು ‘ಸಹೃದಯ’ ಎಂಬ ಹೆಸರಿಟ್ಟರು. ಸಹೃದಯನಾಗಲು ಜನ್ಮವೇ ಬೇಕು. ಕೆಲವು ತಿಂಗಳು ಹೆಚ್ಚೇನು?

ಮರುದಿನ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಆಕೆ ನಡುಮನೆಯಲ್ಲಿ ವೀಣೆಯನ್ನು ತೆಗೆದರು; ಅಭ್ಯಾಸಬಲದಿಂದ ಕೈ ಪೆಟ್ಟಿಗೆಯ ಗುಂಡಿಯ ಕಡೆಗೆ ಹೋಯಿತು. ರಾಯರು ಮಹಡಿಯಿಂದ ಇಳಿದು ಬಂದು ಚಾಪೆಯ ಮೇಲೆ ಎದುರಿಗೆ ಕುಳಿತರು.

“ಅದು ಬೇಡ. ಇಲ್ಲಿ ನಾನಿದ್ದೇನಲ್ಲ” ಎಂದರು.

ಆಕೆ ಅನುಮಂದ್ರದ ತಂತಿಯನ್ನು ಒಮ್ಮೆ ಮೀಟಿ ಬಿಟ್ಟರು. ಪಕ್ಕದ ಶೆಡ್ಡಿನ ಲೇತ್ ಆಗಷ್ಟೇ ನಿಂತಿತ್ತು. ದನಿ ಗೋಡೆಯನ್ನು ಮುಟ್ಟಿ, ತಿರುಗಿ ಬಂದು, ತೆಳುವಾಗುತ್ತಾ ಹೋಗಿ, ಇಲ್ಲವಾಗುವವರೆಗೂ ರಾಯರು ಮಾತನಾಡಲಿಲ್ಲ.